ಎಲ್ಲ ಅಪ್‌ ಟು ಡೇಟ್ ಎಂದಿತು, ಇಂಕ್‌ಸ್ಕೇಪ್ ಮಾತ್ರ ಮೂರು ವರ್ಷ ಹಿಂದಿತ್ತು

ಯಕ್ಷಗಾನದ ಆಟಗಳಿಗೂ ಭೂತಗಳ ನೇಮಗಳಿಗೂ ತೆರೆ ಬೀಳುವ ಪತ್ತನಾಜೆ ಕಳೆಯುವ ತನಕ ಅಂಗಡಿಯ ಕಂಪ್ಯೂಟರಿನ ಸಿಸ್ಟಮ್ಮಿಗೆ ಕೈ ಹಾಕುವುದಿಲ್ಲ ಎಂಬುದು ನನ್ನ ಹಳೆಯ ನಿಯಮ. ಉಡುಪಿಯಲ್ಲಿ ಡಿಟಿಪಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನವೆಂಬರಿನಿಂದ ಮೇ ತಿಂಗಳ ತನಕ ಆಟದ ಹ್ಯಾಂಡ್‌ಬಿಲ್, ನೇಮದ ಆಮಂತ್ರಣ, ಬ್ರಹ್ಮಕಲಶದ ಕರೆಯೋಲೆ, ಮದುವೆ ಕಾಗದ ಎಂದು ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಮೇ ಕೊನೆಯ ವಾರ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಾವೂ ಕೀಬೋರ್ಡ್ ಕವುಚಿ ಹಾಕಿ ಕಸ ಕೊಡವುತ್ತೇವೆ.

ನಾನು ಬಳಸುವುದು ಉಬುಂಟು, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್. 2020ರ ಏಪ್ರಿಲಿನಲ್ಲಿ ಬಂದ 20.04 ಆವೃತ್ತಿಯಲ್ಲೇ ಐದು ವರ್ಷ ದೂಡಿದ್ದೆ. ಅದರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯುತ್ತಿತ್ತು. ಪತ್ತನಾಜೆಯೂ ಆಗಲೇ ಬಂತು. ಸರಿ, 22.04ಕ್ಕೆ ಹೋಗೋಣ ಎಂದು ಕೂತೆ.

ಶುರುವಿನಲ್ಲೇ ಮೊಂಡು ಹಿಡಿಯಿತು. ಮೊದಲು ಬಾಕಿ ಇರುವ ಅಪ್‌ಡೇಟ್‌ಗಳನ್ನೆಲ್ಲ ಹಾಕಿ ಬನ್ನಿ ಎಂದು ವಾಪಸ್ ಕಳಿಸಿತು. ಹಾಕಲು ಹೋದರೆ ಬಾಕಿ ಏನೂ ಇಲ್ಲ ಎನ್ನುತ್ತದೆ! ಆಮೇಲೆ ನೆನಪಾಯಿತು: ಸೀಸನ್ನಿನ ನಡುವೆ ಪುಟದ ಸಾಲುಗಳು ಅಲ್ಲಾಡಬಾರದು ಎಂದು ಪುಟ ಕಟ್ಟುವ ಸಾಫ್ಟ್‌ವೇರ್ ಆದ ಸ್ಕ್ರೈಬಸ್ಸನ್ನು ನಾನೇ ಅಪ್‌ಡೇಟ್ ಆಗದಂತೆ ಹೋಲ್ಡ್‌ನಲ್ಲಿ ಇಟ್ಟಿದ್ದೆ. 'ಆಪ್ಟ್-ಮಾರ್ಕ್ ಶೋಹೋಲ್ಡ್' ಎಂದು ಹೊಡೆದಾಗ ಆ ಒಂದೇ ಹೆಸರು ಕಾಣಿಸಿತು (ಉಬುಂಟುವಿನಲ್ಲಿ ಸಾಫ್ಟ್‌ವೇರ್ ತರಿಸಿ ಹಾಕುವುದು, ತೆಗೆಯುವುದು ಎಲ್ಲ ಈ ಆಪ್ಟಿನ ಕೆಲಸ). 'ಅನ್‌ಹೋಲ್ಡ್' ಮಾಡಿದೆ, ಗಾಡಿ ಹೊರಟಿತು.

ಆ ವರ್ಷ ಮಳೆಯೂ ಬೇಗ ಬಂದಿತ್ತು. ಪ್ಯಾಕೇಜುಗಳು, ಅಂದರೆ ಸಾಫ್ಟ್‌ವೇರಿನ ಕಟ್ಟುಗಳು, ಅರ್ಧ ಬಿಚ್ಚಿಕೊಂಡಿರುವಾಗ ಗುಡುಗು ಬಡಿಯಿತು, ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಮಲಗಿತು. ಕರೆಂಟು ಬಂದ ಮೇಲೆ ಕಪ್ಪು ಪರದೆಯಲ್ಲೇ ಲಾಗಿನ್ ಆಗಿ 'ಸುಡೋ ಡಿಪಿಕೆಜಿ ಕಾನ್ಫಿಗರ್ ಆಲ್' ಕೊಟ್ಟೆ. ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಅದು ಒಂದೊಂದಾಗಿ ಜೋಡಿಸಿ ಮುಗಿಸಿತು. ಅದರ ಬೆನ್ನಿಗೇ 'ಆಪ್ಟ್ ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'. ಈ ಎರಡನ್ನು ನಾನು ಕಾಗದದಲ್ಲಿ ಬರೆದು ಮಾನಿಟರ್ ಹಿಂದೆ ಅಂಟಿಸಿದ್ದೇನೆ, ಯಾಕೆಂದರೆ ಬೇಕಾದ ಹೊತ್ತಿಗೆ ನೆಟ್ ಇರುವುದಿಲ್ಲ.

ಮರುದಿನ ಬೆಳಿಗ್ಗೆ ಎಲ್ಲ ಸರಿ ಇತ್ತು. ಕಾಗದ ಪ್ರಿಂಟಾಯಿತು, ಫಾಂಟುಗಳು ಇದ್ದಲ್ಲೇ ಇದ್ದವು. ಅಪ್‌ಡೇಟರ್ ತೆರೆದರೆ 'ಎಲ್ಲ ಅಪ್‌ ಟು ಡೇಟ್' ಎಂದಿತು. ಆಟಿ ಕಳೆದು, ಅಷ್ಟಮಿ ಕಳೆದು, ದೀಪಾವಳಿ ಬರುವ ತನಕ ಪ್ರತಿ ವಾರ ಅದನ್ನೇ ಹೇಳಿತು. ನಾನು ನಂಬಿದೆ.

ನವೆಂಬರಿನಲ್ಲಿ ಹರಕೆ ಆಟವೊಂದರ ಪೋಸ್ಟರ್ ಕೆಲಸ ಬಂತು. ಸಂಜೆ ಹೊತ್ತು ನನ್ನಲ್ಲಿಗೆ ಬರುವ ಹುಡುಗನೊಬ್ಬ ಇದ್ದಾನೆ, ಮಣಿಪಾಲದಲ್ಲಿ ಓದುವವನು, ಚಿತ್ರದ ಕೈ ಚೆನ್ನಾಗಿದೆ. ಬಡಗುತಿಟ್ಟಿನ ವೇಷಗಳು ತಲೆಗೆ ಕಟ್ಟುವ ಕೇದಗೆ ಮುಂದಲೆಯನ್ನು ಗೆರೆಗಳಲ್ಲೇ ತೆಗೆಯುತ್ತೇನೆ ಎಂದು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ತೆರೆದು ಕೂತ. ಸ್ವಲ್ಪ ಹೊತ್ತಿಗೆ ಕರೆದ.

"ಅಣ್ಣ, ಇದರಲ್ಲಿ ಶೇಪ್ ಬಿಲ್ಡರ್ ಎಲ್ಲಿ ಉಂಟು?"

"ಅದೆಂತದು?"

"ಒಂದರ ಮೇಲೊಂದು ಬಿದ್ದ ಆಕಾರಗಳ ಮೇಲೆ ಮೌಸ್ ಎಳೆದರೆ ಬೇಕಾದಷ್ಟೇ ತುಂಡು ಉಳಿಯುತ್ತದಲ್ಲ, ಅದು. ನನ್ನ ಲ್ಯಾಪ್‌ಟಾಪಿನಲ್ಲಿ ಉಂಟು."

ಆ ಉಪಕರಣ ಬಂದದ್ದು 2023ರ ಜುಲೈಯ 1.3 ಆವೃತ್ತಿಯಲ್ಲಿ. ನನ್ನಲ್ಲಿದ್ದದ್ದು 1.2.2, ಅಂದರೆ 2022ರ ಡಿಸೆಂಬರಿನ ಸರಕು. ಸಿಸ್ಟಮ್ ಹೊಸತು, ಅಪ್‌ಡೇಟ್ ಏನೂ ಬಾಕಿ ಇಲ್ಲ, ಆದರೂ ಇದು ಮೂರು ವರ್ಷ ಹಳೆಯದು. ಹುಡುಗ ನನ್ನ ಮುಖ ನೋಡಿದ. ಅಷ್ಟರಲ್ಲಿ ಆಟದ ಸೇವಾಕರ್ತರ ಫೋನ್ ಬಂತು, "ಎಂತ ಮಾರಾಯ್ರೆ, ಪ್ರೂಫ್ ಇವತ್ತು ಸಿಕ್ಕೀತಾ?" ನಾಳೆ ಎಂದೆ.

ಇಂಥ ಹೊತ್ತಿನಲ್ಲಿ ತೆಗೆದು ಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವುದು ಸಾಮಾನ್ಯ. ನನ್ನ ಕೈಯೂ ಅತ್ತಲೇ ಹೋಯಿತು. ಹಾಗೆ ಮಾಡಿದ್ದರೆ 1.2.2ರ ಬದಲು 1.1.2 ಬಂದು ಕೂರುತ್ತಿತ್ತು, ಇನ್ನೂ ಒಂದು ಮೆಟ್ಟಿಲು ಕೆಳಗೆ. ಅದು ತಿಳಿದದ್ದು 'ಆಪ್ಟ್ ಪಾಲಿಸಿ ಇಂಕ್‌ಸ್ಕೇಪ್' ಎಂದು ಕೇಳಿದ್ದರಿಂದ. ಈ ಕಮಾಂಡಿನ ಉತ್ತರ ಐದಾರು ಸಾಲು ಮಾತ್ರ. ಆದರೆ ಒಂದು ಸಾಫ್ಟ್‌ವೇರ್ ಎಲ್ಲಿಂದ ಬಂತು, ಮುಂದೆ ಎಲ್ಲಿಂದ ಬರಬಹುದು ಎಂಬುದೆಲ್ಲ ಅದರಲ್ಲಿ ಇರುತ್ತದೆ.

ಮೇಲೆ ಎರಡು ಸಾಲು. ಸದ್ಯ ಇರುವುದು 1.2.2, ಮುಂದಿನ ಅಭ್ಯರ್ಥಿಯೂ 1.2.2. ಕೆಳಗೆ ಆವೃತ್ತಿಗಳ ಪಟ್ಟಿ. 1.2.2ರ ಬಾಲಕ್ಕೆ 'ಉಬುಂಟು20.04' ಎಂಬ ಗುರುತು ಇನ್ನೂ ಅಂಟಿಕೊಂಡಿತ್ತು. ಅದರ ಕೆಳಗಿನ ಸಾಲಿನಲ್ಲಿ 100 ಎಂಬ ಅಂಕಿ, ಪಕ್ಕದಲ್ಲಿ ಡಿಪಿಕೆಜಿಯ ಸ್ಟೇಟಸ್ ಫೈಲಿನ, ಅಂದರೆ ಡಿಸ್ಕಿನಲ್ಲಿ ಏನೇನು ಉಂಟು ಎಂಬ ಲೆಕ್ಕದ ಪುಸ್ತಕದ, ವಿಳಾಸ. ಬೇರೆ ವಿಳಾಸವೇ ಇಲ್ಲ. 1.1.2ರ ಕೆಳಗೆ ಮಾತ್ರ 500 ಎಂಬ ಅಂಕಿ, ಉಬುಂಟುವಿನ ಸರ್ವರಿನ ವಿಳಾಸ.

100 ಎಂದರೆ 'ಇದು ನಿನ್ನ ಡಿಸ್ಕಿನಲ್ಲಿ ಇದೆ ಎಂದಷ್ಟೇ ನನಗೆ ಗೊತ್ತು'. 500 ಎಂದರೆ ಇದಕ್ಕೆ ಒಂದು ಮೂಲ ಉಂಟು, ಅಲ್ಲಿಂದ ಹೊಸತು ಬಂದರೆ ತರುತ್ತೇನೆ. ನನ್ನ ಇಂಕ್‌ಸ್ಕೇಪಿಗೆ ಮೂಲವೇ ಇರಲಿಲ್ಲ. ಉಬುಂಟುವಿನದ್ದೇ ಆದ 1.1.2 ಅಂಕಿಯಲ್ಲಿ ಸಣ್ಣದು, ಆಪ್ಟ್ ತಾನಾಗಿ ಯಾವತ್ತೂ ಕೆಳಗಿಳಿಯುವುದಿಲ್ಲ. ಹೊಸತು ತರುವ ದಾರಿ ಇಲ್ಲ, ಹಳೆಯದಕ್ಕೆ ಹೋಗುವ ಮನಸ್ಸಿಲ್ಲ. ಹಾಗಾಗಿ ಅದು ಹೇಳಿದ್ದು ಸುಳ್ಳೇನೂ ಅಲ್ಲ. ತನಗೆ ಗೊತ್ತಿರುವ ಮೂಲಗಳಲ್ಲಿ ಹೊಸತು ಇಲ್ಲ ಎಂದಿತು, ಅಷ್ಟೆ.

ಮೂಲ ಎಲ್ಲಿಗೆ ಹೋಯಿತು? 'ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ' ಎಂಬ ಫೋಲ್ಡರ್ ತೆರೆದೆ. ಹಿಂದೆ ನಾನು ಸೇರಿಸಿದ ಪಿಪಿಎಗಳ, ಅಂದರೆ ಉಬುಂಟುವಿನ ಹೊರಗಿನವರು ನಡೆಸುವ ಮೂಲಗಳ, ಫೈಲುಗಳೆಲ್ಲ ಹಾಗೇ ಇದ್ದವು. ಆದರೆ ಪ್ರತಿ ಸಾಲಿನ ತಲೆಗೆ ಒಂದು ಹ್ಯಾಶ್ ಚಿಹ್ನೆ, ಕೊನೆಯಲ್ಲಿ 'ಜ್ಯಾಮಿಗೆ ಅಪ್‌ಗ್ರೇಡ್ ಆಗುವಾಗ ನಿಲ್ಲಿಸಲಾಗಿದೆ' ಎಂಬರ್ಥದ ಷರಾ. ಜ್ಯಾಮಿ ಎಂದರೆ 22.04ರ ಅಡ್ಡಹೆಸರು. ಇದು ಉಬುಂಟುವಿನ ಪದ್ಧತಿಯೇ: ಅಪ್‌ಗ್ರೇಡ್ ಮಾಡುವಾಗ ಹೊರಗಿನವರ ಮೂಲಗಳನ್ನು ಅದು ಮುಚ್ಚಿಡುತ್ತದೆ, ಇಲ್ಲದಿದ್ದರೆ ಹಳೆಯದೂ ಹೊಸದೂ ಕಲಸಿಹೋಗಿ ಅರ್ಧದಲ್ಲಿ ಮುರಿದು ಬೀಳಬಹುದು. ಮುಚ್ಚುವ ಮೊದಲು ಹೇಳುತ್ತದೆ ಕೂಡ. ಮೇ ತಿಂಗಳಲ್ಲಿ ಅದು ಹೇಳಿದ್ದನ್ನು ನಾನು ಓದದೆ ಎಂಟರ್ ಒತ್ತಿದ್ದೆ. ಹೊರಗೆ ಗುಡುಗುತ್ತಿತ್ತು, ಬೇಗ ಮುಗಿದರೆ ಸಾಕಿತ್ತು.

ಹ್ಯಾಶ್ ತೆಗೆದರೆ ಆಯಿತಲ್ಲ ಎಂದು ಆರೂ ಫೈಲಿನ ಹ್ಯಾಶ್ ಒಟ್ಟಿಗೇ ತೆಗೆದೆ. ಅದು ತಪ್ಪಾಯಿತು. 'ಆಪ್ಟ್ ಅಪ್‌ಡೇಟ್' ಕೊಟ್ಟ ಕೂಡಲೇ ಪರದೆ ತುಂಬ ಎಚ್ಚರಿಕೆಗಳು, ಯಾವುದು ಯಾರದ್ದು ಎಂದೇ ತಿಳಿಯದಂತೆ. ಎಲ್ಲವನ್ನೂ ಮತ್ತೆ ಮುಚ್ಚಿ, ಒಂದೊಂದಾಗಿ ತೆರೆಯುತ್ತ ಹೋದೆ. ತೆರೆಯುವುದು, ಅಪ್‌ಡೇಟ್, ನೋಡುವುದು, ಮುಂದಿನದು. ನಿಧಾನ ಹೌದು, ಆದರೆ ಒಂದು ತಪ್ಪಿಗೆ ಒಂದೇ ಕಾರಣ.

ಇಂಕ್‌ಸ್ಕೇಪಿನದ್ದು ಸುಲಭ. ಹಳೆಯ ಫೈಲ್ ಅಳಿಸಿ ಪಿಪಿಎಯನ್ನು ಹೊಸದಾಗಿ ಸೇರಿಸಿದೆ. 'ಆಡ್-ಆಪ್ಟ್-ರೆಪಾಸಿಟರಿ' ಕಮಾಂಡು ಈಗಿನ ಆವೃತ್ತಿಯ ಹೆಸರನ್ನೂ, ಬಂದ ಸರಕು ಅಸಲಿಯೇ ಎಂದು ತಾಳೆ ನೋಡುವ ಕೀಲಿಯನ್ನೂ ತಾನೇ ಹಾಕಿಕೊಳ್ಳುತ್ತದೆ. ಮತ್ತೆ ಪಾಲಿಸಿ ಕೇಳಿದರೆ 1.4ರ ಎದುರು 500. ಅಪ್‌ಗ್ರೇಡ್ ಕೊಟ್ಟು ಹುಡುಗನಿಗೆ ಕುರ್ಚಿ ಬಿಟ್ಟುಕೊಟ್ಟೆ. ಅವನು ಮುಂದಲೆಯ ಅಡ್ಡಪಟ್ಟಿಗಳನ್ನು ಒಂದೊಂದೇ ಎಳೆದು ಕತ್ತರಿಸಿದ, ಕಾಲು ಗಂಟೆಯ ಕೆಲಸ. ಪ್ರೂಫ್ ಅದೇ ರಾತ್ರಿ ಹೋಯಿತು.

ಉಳಿದವು ಅಷ್ಟು ಸಲೀಸಲ್ಲ. ಒಂದು ಪಿಪಿಎ 'ರಿಲೀಸ್ ಫೈಲ್ ಇಲ್ಲ' ಎಂದಿತು. ಅದನ್ನು ನಡೆಸುತ್ತಿದ್ದವರು 20.04ಕ್ಕೇ ಕೈಬಿಟ್ಟಿದ್ದರು, ಜ್ಯಾಮಿಗೆ ಏನನ್ನೂ ಮಾಡಿಯೇ ಇಲ್ಲ. ಹಳೆಯ ಹೆಸರನ್ನೇ ಬರೆದು ಒಗ್ಗಿಸಿಕೊಳ್ಳುವವರನ್ನು ಕಂಡಿದ್ದೇನೆ. ನಾನು ಮಾಡುವುದಿಲ್ಲ. ಹಳೆಯ ಲೈಬ್ರರಿಗಳ ಮೇಲೆ ಕಟ್ಟಿದ ಪ್ಯಾಕೇಜು ಇವತ್ತು ಕೂತರೂ ಇನ್ನೊಂದು ದಿನ ಬೇರೆ ಯಾವುದನ್ನೋ ಹಿಡಿದು ನಿಲ್ಲಿಸುತ್ತದೆ. ಅದು ಪಿಡಿಎಫ್ ಜೋಡಿಸುವ ಸಣ್ಣ ಸಾಫ್ಟ್‌ವೇರ್. ಪಿಪಿಎ ತೆಗೆದು, 'ಆಪ್ಟ್ ಇನ್‌ಸ್ಟಾಲ್' ಎಂದು ಪ್ಯಾಕೇಜಿನ ಹೆಸರಿನ ಮುಂದೆ ಓರೆಗೆರೆ ಹಾಕಿ ಜ್ಯಾಮಿ ಎಂದು ಬರೆದೆ. ಆಗ ಆಪ್ಟ್ ಕೆಳಗಿಳಿಸುತ್ತಿದ್ದೇನೆ ಎಂದು ಹೇಳಿ ಒಪ್ಪಿಗೆ ಕೇಳುತ್ತದೆ, ಹೌದು ಎಂದರೆ ಉಬುಂಟುವಿನ ಆವೃತ್ತಿಗೆ ಇಳಿಯುತ್ತದೆ. ಅಂಕಿ ಸಣ್ಣದಾಯಿತು, ಭದ್ರತೆಯ ತಿದ್ದುಪಡಿಗಳು ಬರತೊಡಗಿದವು.

ಇನ್ನೊಂದು ಮೂಲ ಕೀಲಿಯ ಬಗ್ಗೆ ಗೊಣಗಿತು. ಹಿಂದೆಲ್ಲ 'ಆಪ್ಟ್-ಕೀ' ಬಳಸಿ ಎಲ್ಲರ ಕೀಲಿಯನ್ನೂ ಒಂದೇ ಗೊಂಚಲಿಗೆ ಹಾಕುತ್ತಿದ್ದೆವು. ಅದರಲ್ಲಿ ಒಂದು ತೊಂದರೆ ಉಂಟು: ಗೊಂಚಲಿನ ಯಾವ ಕೀಲಿಯಿಂದಲೂ ಯಾವ ಬಾಗಿಲನ್ನೂ ತೆರೆಯಬಹುದು. ಈಗ ಪ್ರತಿ ಮೂಲದ ಕೀಲಿಯನ್ನು 'ಕೀರಿಂಗ್ಸ್' ಎಂಬ ಫೋಲ್ಡರಿನಲ್ಲಿ ಬೇರೆಬೇರೆ ಇಟ್ಟು, ಮೂಲದ ಸಾಲಿನಲ್ಲೇ 'ಸೈನ್ಡ್-ಬೈ' ಎಂದು ಆ ಕೀಲಿಯ ವಿಳಾಸ ಬರೆಯುವುದು ಕ್ರಮ. ಬರೆದೆ, ಗೊಣಗಾಟ ನಿಂತಿತು.

ಫೈರ್‌ಫಾಕ್ಸ್ ವಿಷಯ ಬೇರೆ. 22.04ರಿಂದ ಅದು ಸ್ನ್ಯಾಪ್ ಆಗಿ, ಅಂದರೆ ಆಪ್ಟಿಗೆ ಸೇರದ ಬೇರೆಯೇ ಬಗೆಯ ಕಟ್ಟಾಗಿ ಬರುತ್ತದೆ, ಆಪ್ಟಿನಲ್ಲಿ ಎಷ್ಟು ಹುಡುಕಿದರೂ ಇರುವುದು ಬರೀ ಹೆಸರು. ಸ್ನ್ಯಾಪ್ ದಿನಕ್ಕೆ ನಾಲ್ಕು ಸಲ ತಾನೇ ಹೊಸತು ಹುಡುಕುತ್ತದೆ, ಆದರೆ ಓಡುತ್ತಿರುವ ಸಾಫ್ಟ್‌ವೇರನ್ನು ಬದಲಿಸಲು ಹಿಂದೆಮುಂದೆ ನೋಡುತ್ತದೆ. ನನ್ನ ಅಂಗಡಿಯಲ್ಲಿ ಬ್ರೌಸರ್ ಮುಚ್ಚುವ ಪದ್ಧತಿಯೇ ಇಲ್ಲ, ವಾಟ್ಸಾಪ್ ವೆಬ್ಬಿನಲ್ಲೇ ಮ್ಯಾಟರ್ ಬರುವುದು. ಮುಚ್ಚಿ 'ಸ್ನ್ಯಾಪ್ ರಿಫ್ರೆಶ್' ಕೊಟ್ಟೆ, ಮುಗಿಯಿತು.

'ಕೆಲವು ಪ್ಯಾಕೇಜುಗಳನ್ನು ತಡೆದಿಡಲಾಗಿದೆ' ಎಂದು ಬಂದರೆ ಮಾತ್ರ ಅವಸರ ಬೇಡ. ಉಬುಂಟು ಕೆಲವು ಅಪ್‌ಡೇಟ್‌ಗಳನ್ನು ಎಲ್ಲರಿಗೂ ಒಟ್ಟಿಗೆ ಕೊಡದೆ ಹಂತಹಂತವಾಗಿ ಬಿಡುತ್ತದೆ, ನಮ್ಮ ಸರದಿ ಬಂದಾಗ ತಾನಾಗಿ ಬರುತ್ತದೆ. ನಾನೊಮ್ಮೆ ಬಲವಂತ ಮಾಡಿ ಎಳೆದು ತಂದು ಮೂರು ಗಂಟೆ ಹಾಳು ಮಾಡಿಕೊಂಡಿದ್ದೇನೆ.

ಹೆಚ್ಚು ತಲೆ ತಿಂದದ್ದು ಆಪ್ಟಿಗೆ ಸೇರದ ಒಂದು ಸಂಗತಿ. ಹಳೆಯ ಎನ್‌ಕೋಡಿಂಗಿನ ಕನ್ನಡ ಮ್ಯಾಟರನ್ನು ಯೂನಿಕೋಡ್ ಮಾಡುವ ಪೈಥಾನ್ ಸ್ಕ್ರಿಪ್ಟ್ ನನ್ನಲ್ಲಿದೆ. ಊರಿನ ಅರ್ಧ ದೇವಸ್ಥಾನಗಳ ಹಳೆಯ ಆಮಂತ್ರಣಗಳು ಅದೇ ಎನ್‌ಕೋಡಿಂಗಿನಲ್ಲಿರುವುದರಿಂದ ಅದಿಲ್ಲದೆ ಕೆಲಸ ಸಾಗದು. ಅಪ್‌ಗ್ರೇಡ್ ಆದ ಮೇಲೆ ಅದು ಬೇಕಾದ ಮಾಡ್ಯೂಲ್ ಇಲ್ಲ ಎನ್ನುತ್ತಿತ್ತು. ಫೋಲ್ಡರ್ ನೋಡಿದರೆ ಮಾಡ್ಯೂಲ್ ಕಣ್ಣೆದುರೇ ಉಂಟು! ಉಂಟು, ಆದರೆ ಪೈಥಾನ್ 3.8 ಎಂಬ ಕೋಣೆಯಲ್ಲಿ. 20.04ರ ಪೈಥಾನ್ 3.8, 22.04ರದ್ದು 3.10. ಸ್ಕ್ರಿಪ್ಟಿಗೆ ಬೇಕಾದ ಮಾಡ್ಯೂಲುಗಳನ್ನು ಪ್ರತ್ಯೇಕವಾಗಿ ಇಡುವ ಫೋಲ್ಡರ್, ಅಂದರೆ ನನ್ನ ವರ್ಚುವಲ್ ಎನ್ವಿರಾನ್ಮೆಂಟಿನ ಕೊಂಡಿ ಈಗ ಹೊಸ ಪೈಥಾನಿಗೆ ತಾಗಿತ್ತು, ಹೊಸದು ತನ್ನ ಕೋಣೆಯನ್ನು ಮಾತ್ರ ನೋಡುತ್ತದೆ. ರಿಪೇರಿ ಮಾಡಲು ಹೋಗಿ ಒಂದು ಸಂಜೆ ಕಳೆದುಕೊಂಡೆ. ಆ ಫೋಲ್ಡರನ್ನು ಅಳಿಸಿ ಹೊಸದಾಗಿ ಕಟ್ಟಿ ಮಾಡ್ಯೂಲುಗಳನ್ನು ಮತ್ತೆ ಹಾಕುವುದಕ್ಕೆ ಹಿಡಿದದ್ದು ಐದು ನಿಮಿಷ.

ಈಗ ತಿಂಗಳಿಗೊಮ್ಮೆ 'ಆಪ್ಟ್ ಲಿಸ್ಟ್' ಬರೆದು, ಉದ್ಧರಣ ಚಿಹ್ನೆಯೊಳಗೆ ಪ್ರಶ್ನಾರ್ಥಕ ಚಿಹ್ನೆಯನ್ನೂ 'ಅಬ್ಸಲೀಟ್' ಎಂಬ ಇಂಗ್ಲಿಷ್ ಪದವನ್ನೂ ಸೇರಿಸಿ ಹೊಡೆಯುತ್ತೇನೆ. ಡಿಸ್ಕಿನಲ್ಲಿದ್ದೂ ಯಾವ ಮೂಲಕ್ಕೂ ಸೇರದ ಪ್ಯಾಕೇಜುಗಳ ಪಟ್ಟಿ ಅದು. ಮೊದಲ ಸಲ ನಲವತ್ತಕ್ಕೂ ಹೆಚ್ಚು ಹೆಸರುಗಳಿದ್ದವು, ಬಹುಪಾಲು ಯಾರಿಗೂ ಬೇಡದ ಹಳೆಯ ಲೈಬ್ರರಿಗಳು. ತೆಗೆಯುತ್ತ ಬಂದು ಈಗ ಒಂದೇ ಉಳಿದಿದೆ: ದೊಡ್ಡ ಪ್ರಿಂಟರಿನ ಡ್ರೈವರ್. ಅದನ್ನು ಹಿಂದೊಮ್ಮೆ ಬಿಡಿ ಫೈಲಾಗಿ ಇಳಿಸಿಕೊಂಡು ಹಾಕಿದ್ದು, ಅದಕ್ಕೆ ಪಿಪಿಎಯೂ ಇಲ್ಲ, ಸರ್ವರೂ ಇಲ್ಲ. ಪ್ರಿಂಟರ್ ಚೆನ್ನಾಗಿಯೇ ಓಡುತ್ತಿದೆ. ಪಾಲಿಸಿ ಕೇಳಿದರೆ ಎದುರಿಗೆ 100 ಎಂದೇ ಬರುತ್ತದೆ, ಈ ಸೀಸನ್ ಮುಗಿಯುವ ತನಕ ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.