ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ: ಬಳ್ಳಾರಿಯಲ್ಲಿ ನೌಕಾಪಡೆಯ ವಸ್ತು ಜೋಡಿಸಿದ ನನ್ನ ಅನುಭವ

ಬಳ್ಳಾರಿಗೂ ನೌಕಾಪಡೆಗೂ ಏನು ಸಂಬಂಧ ಅಂತ ಎಲ್ಲರೂ ಕೇಳ್ತಾರೆ. ಸಮುದ್ರ ಇಲ್ಲ ಸರಿ, ಆದರೆ ಸಮುದ್ರಕ್ಕೆ ಹೋಗಿ ಬಂದವರು ಇದ್ದಾರೆ. ಸಿರುಗುಪ್ಪ, ಸಂಡೂರು, ಹೊಳೆ ಆಚೆ ಗಂಗಾವತಿ, ಸಿಂಧನೂರು, ಎಲ್ಲ ಕಡೆ ಒಬ್ಬಿಬ್ಬರು ಸಿಗ್ತಾರೆ. ನಾನು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಎನ್‌ಸಿಸಿ ಸಾಮಾನಿನ ಪಕ್ಕದಲ್ಲಿ ಸುಮ್ನೆ ಬೀಗ ಹಾಕಿಕೊಂಡಿದ್ದ ರೂಮಿನಲ್ಲಿ ಮಾಜಿ ಸೈನಿಕರ ವಸ್ತು ಇಡೋಣ ಅಂತ ಶುರು ಮಾಡಿದೆವು. ಭೂಸೇನೆಯದು ಬೇಗ ಬಂತು. ನೌಕಾಪಡೆಯ ಟ್ರಂಕುಗಳು ಬರತೊಡಗಿದ ಮೇಲೆ ನಿಜವಾದ ಕೆಲಸ ಶುರುವಾಯಿತು. ವಸ್ತು ಬೀರುವಿನಲ್ಲಿ ಇಡೋದು ಒಂದು ಮಧ್ಯಾಹ್ನದ ಕೆಲಸ. ಆ ಮನುಷ್ಯ ಯಾವ ಹಡಗಿನಲ್ಲಿ, ಯಾವ ವರ್ಷ, ಏನು ಕೆಲಸ ಮಾಡಿದ ಅಂತ ಹುಡುಕೋದಕ್ಕೆ ತಿಂಗಳುಗಳೇ ಬೇಕು.

ಮೊದಲು ಪದಕದ ವಿಷಯ ಹೇಳ್ತೀನಿ. ಸಿರುಗುಪ್ಪದ ಕಡೆಯ ಒಬ್ಬ ಅಜ್ಜಿ ಗಂಡನ ಪದಕಗಳನ್ನು ಸೀರೆ ತುಂಡಿನಲ್ಲಿ ಸುತ್ತಿ ತಂದಿದ್ದರು. "ಯಪ್ಪಾ, ವರ್ಷಾ ಆಯುಧಪೂಜಿಗೆ ಹುಣಸಿಹಣ್ಣು ಹಚ್ಚಿ ತಿಕ್ಕಿ ಇಟ್ಟೀನಿ, ನೋಡು ಹೆಂಗ ಹೊಳೀತಾವ" ಅಂದರು. ಹೊಳೆಯುತ್ತಿದ್ದವು ನಿಜ. ಆದರೆ ಅಂಚಿನಲ್ಲಿ ಕೊರೆದಿದ್ದ ನಂಬರು ಅರ್ಧಕ್ಕರ್ಧ ಸವೆದು ಹೋಗಿತ್ತು. ನಮಗೆ ಬೇಕಿದ್ದದ್ದು ಆ ನಂಬರೇ. ದುಂಡು ಪದಕವಾದರೆ ಅಂಚಿನಲ್ಲಿ, ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿ, ಸರ್ವಿಸ್ ನಂಬರು, ಹುದ್ದೆ, ಹೆಸರು ಕೊರೆದಿರುತ್ತಾರೆ. ಎರಡನೇ ಮಹಾಯುದ್ಧದ ನಕ್ಷತ್ರ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರು ಕೊರೆಯದೆ ಕೊಟ್ಟಿದ್ದರು, ಭಾರತೀಯರಿಗೆ ಕೊಟ್ಟದ್ದರಲ್ಲಿ ಹೆಸರಿದೆ. ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಸವೆದ ನಂಬರು ಓದಲು ನಾನು ಮಾಡೋದು ಇಷ್ಟೇ: ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಒಂದು ಬದಿಯಿಂದ ಅಡ್ಡಡ್ಡ ಹಿಡಿದು, ಪದಕವನ್ನು ನಿಧಾನಕ್ಕೆ ತಿರುಗಿಸುತ್ತಾ ಇನ್ನೊಂದು ಮೊಬೈಲಿನಲ್ಲಿ ಫೋಟೋ ತೆಗೆಯೋದು. ಕಣ್ಣಿಗೆ ಕಾಣದ ಗೆರೆ ನೆರಳಿನಲ್ಲಿ ಎದ್ದು ಬರುತ್ತದೆ.

ಆ ಪದಕಗಳ ಸಂದಿಯಲ್ಲಿ ಕುಂಕುಮ ಕೂತಿತ್ತು. ತೆಗೆಯಬೇಕು ಅಂತ ಕೆಲವರು ಹೇಳಿದರು. ನಾನು ತೆಗೆಯಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಅದಕ್ಕೆ ಪೂಜೆ ನಡೆದಿದೆ, ಅದೂ ಅದರ ಚರಿತ್ರೆಯೇ ಅಲ್ವಾ.

ನಂಬರು ಸಿಕ್ಕರೆ ಮುಂದಿನ ದಾರಿ ಮುಂಬೈಗೆ. ನಾವಿಕರ ದಾಖಲೆಗಳು ಮಾನ್‌ಖುರ್ದ್‌ನ ಚೀತಾ ಕ್ಯಾಂಪಿನಲ್ಲಿರುವ ಬ್ಯೂರೋ ಆಫ್ ಸೈಲರ್ಸ್‌ನಲ್ಲಿ ಇರುತ್ತವೆ. ಅಧಿಕಾರಿಗಳದ್ದಾದರೆ ದೆಹಲಿಗೆ ಬರೆಯಬೇಕು. ಅರ್ಜಿಯನ್ನು ನಾನು ಬರೆದರೂ ಸಹಿ ಮನೆಯವರದ್ದೇ ಮಾಡಿಸ್ತೀನಿ. ಹೆಂಡತಿ ಇದ್ದರೆ ಅವರದು, ಇಲ್ಲದಿದ್ದರೆ ಮಕ್ಕಳದು. ಜೊತೆಗೆ ಪಿಪಿಓ (ಪಿಂಚಣಿ ಆದೇಶ) ಪ್ರತಿ, ಡಿಸ್ಚಾರ್ಜ್ ಸರ್ಟಿಫಿಕೇಟ್ ಏನು ಸಿಕ್ಕರೆ ಅದು. ಹೊರಗಿನವನು ಯಾರೋ ಕೇಳಿದರೆ ಕೊಡೋದಿಲ್ಲ, ಕೊಡಲೂಬಾರದು.

ನಮ್ಮ ಭಾಗದವರಿಗೆ ಒಂದು ವಿಶೇಷ ತೊಂದರೆ ಇದೆ. ಊರಿನ ಹೆಸರು ಹಿಡಿದು ಹುಡುಕಿದರೆ ಮನುಷ್ಯ ಸಿಗೋದಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಆದೋನಿ, ಆಲೂರು, ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ರಾಯಚೂರು 1956ರವರೆಗೆ ಹೈದರಾಬಾದಿನದು. ಕೊಪ್ಪಳ ಜಿಲ್ಲೆ ಆಗಿದ್ದೇ 1997ರಲ್ಲಿ. ಹಾಗಾಗಿ ಗಂಗಾವತಿಯ ಹುಡುಗ 1950ರ ಸುಮಾರಿಗೆ ಸೇರಿದ್ದರೆ ಕಾಗದದಲ್ಲಿ ಅವನು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯವನು. ಹೊಸಪೇಟೆಯವರದು ಇನ್ನೂ ಗೋಜಲು, ಈಗ ಅವರು ವಿಜಯನಗರ ಜಿಲ್ಲೆ. ಅದಕ್ಕೇ ಅರ್ಜಿಯಲ್ಲಿ ಆಗಿನ ಜಿಲ್ಲೆ, ಈಗಿನ ಜಿಲ್ಲೆ ಎರಡನ್ನೂ ಬರೆದು, ಎಲ್ಲಕ್ಕಿಂತ ಮೇಲೆ ನಂಬರು ದಪ್ಪಗೆ ಬರೆಯೋದು ರೂಢಿ ಮಾಡಿಕೊಂಡಿದ್ದೀನಿ.

ಇನ್ನು ಕಥೆಗಳು. 1971ರ ಪಾಕಿಸ್ತಾನ ಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರ ಮನೆಯಲ್ಲಿ ಕೇಳಿದರೆ, ಎಲ್ಲರೂ ಕರಾಚಿ ದಾಳಿಗೆ ಹೋದವರೇ, ಇಲ್ಲಾ ಖುಕ್ರಿ ಹಡಗಿನಲ್ಲಿ ಇದ್ದವರೇ. ಗಂಗಾವತಿ ಕಡೆಯ ಒಂದು ಕುಟುಂಬ ಅಜ್ಜನ ಟ್ರಂಕು ಕೊಟ್ಟಿತು. "ನಮ್ಮಜ್ಜ ಐಎನ್‌ಎಸ್ ಖುಕ್ರಿಯೊಳಗ ಇದ್ರು ಸರ್, ರಜಾ ಮ್ಯಾಗ ಬಂದಿದ್ರು, ಅದಕ್ಕ ಉಳಿದ್ರು" ಅಂತ ಮೊಮ್ಮಗ ಹೇಳಿದ. ಖುಕ್ರಿ ಮುಳುಗಿದ್ದು 1971ರ ಡಿಸೆಂಬರ್ 9ರ ರಾತ್ರಿ, ದಿಯುವಿನ ಆಚೆ, ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ಬಿಟ್ಟ ಟಾರ್ಪಿಡೊಗೆ. 18 ಅಧಿಕಾರಿಗಳು, 176 ನಾವಿಕರು ಹೋದರು, ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡದೆ ಅದರ ಜೊತೆಗೇ ಮುಳುಗಿದರು. ಅದು ಪಶ್ಚಿಮದ ಸಮುದ್ರ. ಆದರೆ ಟ್ರಂಕಿನಲ್ಲಿ ಇದ್ದ ನಕ್ಷತ್ರ ಪೂರ್ವಿ ಸ್ಟಾರ್! ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್. ಜೊತೆಗಿದ್ದ ಸಂಗ್ರಾಮ್ ಮೆಡಲ್‌ನಿಂದ ಏನೂ ಗೊತ್ತಾಗೋದಿಲ್ಲ, ಅದು ಎಲ್ಲಿದ್ದವರಿಗೂ ಸಿಕ್ಕಿದೆ.

ಟ್ರಂಕಿನ ತಳದಲ್ಲಿ ಹಾಸಿದ್ದ ಪೇಪರಿನ ಕೆಳಗೆ ಒಂದು ಫೋಟೋ ಸಿಕ್ಕಿತು. ಮೂಲೆ ಹರಿದಿತ್ತು. ನಾಲ್ಕೈದು ಜನ ಬಿಳಿ ಸಮವಸ್ತ್ರದಲ್ಲಿ ನಿಂತಿದ್ದಾರೆ, ಹಿಂದೆ ರೆಕ್ಕೆ ಮಡಚಿದ ವಿಮಾನ. ಡೆಕ್ ಮೇಲೆ ರೆಕ್ಕೆ ಮಡಚಿದ ವಿಮಾನ ಅಂದರೆ ವಿಮಾನವಾಹಕ ಹಡಗು. 1987ರಲ್ಲಿ ವಿರಾಟ್ ಬರುವ ತನಕ ನಮ್ಮಲ್ಲಿ ಇದ್ದದ್ದು ವಿಕ್ರಾಂತ್ ಒಂದೇ. ಯುದ್ಧದ ಸಮಯದಲ್ಲಿ ವಿಕ್ರಾಂತ್ ಪೂರ್ವದಲ್ಲಿತ್ತು, ಅದರ ಸೀ ಹಾಕ್ ವಿಮಾನಗಳು ಡಿಸೆಂಬರ್ 4ರಿಂದ ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಎಲ್ಲ ಹೊಂದುತ್ತದೆ. ಹಾಗಾದರೆ ಮೊಮ್ಮಗ ಹೇಳಿದ್ದು ಸುಳ್ಳಾ? ಮುಂಬೈಯಿಂದ ಸೇವಾ ವಿವರ ಬಂದಾಗ ನೋಡಿದರೆ, ಅಜ್ಜ ಅರವತ್ತರ ದಶಕದಲ್ಲಿ ಖುಕ್ರಿಯಲ್ಲೂ ಇದ್ದರು. ಆಮೇಲೆ ವರ್ಗವಾಗಿ ವಿಕ್ರಾಂತ್. ಎರಡು ಹಡಗಿನ ನೆನಪು ಮನೆಯಲ್ಲಿ ಹೇಳುತ್ತಾ ಹೇಳುತ್ತಾ ಒಂದಾಗಿತ್ತು ಅಷ್ಟೇ. ನಾವು ಕಾರ್ಡಿನಲ್ಲಿ ಎರಡು ಭಾಗ ಮಾಡಿದೆವು. ಮೇಲೆ ದಾಖಲೆ ಏನು ಹೇಳುತ್ತದೆ, ಕೆಳಗೆ ಮನೆಯವರು ಏನು ಹೇಳುತ್ತಾರೆ. ಈಗ ಎಲ್ಲ ವಸ್ತುವಿಗೂ ಹಾಗೇ ಮಾಡ್ತೀವಿ. ಮನೆಯ ಮಾತನ್ನು ಅಳಿಸಿ ಹಾಕಿದರೆ ಕೊಟ್ಟವರಿಗೆ ಬೇಜಾರು, ಅದನ್ನೇ ದಾಖಲೆ ಅಂತ ಬರೆದರೆ ಓದುವವರಿಗೆ ಮೋಸ.

ಆ ಅಜ್ಜನ ಹುದ್ದೆ ಸ್ಟೋಕರ್, ಅಂದರೆ ಬಾಯ್ಲರ್ ಕೆಲಸ. "ಹಂಗಾರ ಗುಂಡು ಹೊಡಿಲಿಲ್ಲೇನು?" ಅಂತ ಮೊಮ್ಮಗ ಸ್ವಲ್ಪ ಸಪ್ಪಗಾದ. ವಿಕ್ರಾಂತ್‌ನ ಬಾಯ್ಲರಿನಲ್ಲಿ ಬಿರುಕು ಬಿಟ್ಟು ಹಡಗು ಪೂರ್ತಿ ವೇಗ ಹೋಗೋ ಹಾಗಿರಲಿಲ್ಲ, ಅಂಥದ್ದರಲ್ಲಿ ಅದನ್ನು ಯುದ್ಧಕ್ಕೆ ಓಡಿಸಿದವರು ಕೆಳಗೆ ಬಿಸಿಯಲ್ಲಿ ನಿಂತಿದ್ದ ಈ ಜನವೇ ಅಂತ ಹೇಳಿದ ಮೇಲೆ ಅವನ ಮುಖ ಬೇರೆಯಾಯಿತು. ನನಗಂತೂ ಪದಕಕ್ಕಿಂತ ಇಂಥ ಕೆಲಸದ ವಿವರವೇ ಜಾಸ್ತಿ ಮುಖ್ಯ.

ಕಾಗದ ಇಲ್ಲದ ವಸ್ತುವಿನ ಕಾಲ ಹೇಳಲು ಕೆಲವು ಗುರುತುಗಳಿವೆ. ಗುಂಡಿ ನೋಡಿ: ಲಂಗರಿನ ಮೇಲೆ ಕಿರೀಟ ಇದ್ದರೆ 1950ರ ಜನವರಿ 26ಕ್ಕಿಂತ ಹಿಂದಿನದು, ಸಿಂಹ ಇದ್ದರೆ ಆಮೇಲಿನದು. ಹಡಗಿನ ಬಾವುಟ ಇನ್ನೂ ಚೆನ್ನಾಗಿ ಹೇಳುತ್ತದೆ. ಮೂಲೆಯಲ್ಲಿ ತ್ರಿವರ್ಣ, ಬಿಳಿ ಮೇಲೆ ಬರೀ ಕೆಂಪು ಶಿಲುಬೆ ಇದ್ದರೆ 1950ರಿಂದ 2001ರ ಒಳಗಿನದು. 2001ರಲ್ಲಿ ಶಿಲುಬೆ ತೆಗೆದರು, 2004ರಲ್ಲಿ ಮಧ್ಯದಲ್ಲಿ ಸಿಂಹ ಸೇರಿಸಿ ವಾಪಸ್ ತಂದರು, 2014ರಲ್ಲಿ 'ಸತ್ಯಮೇವ ಜಯತೇ' ಸೇರಿತು, 2022ರ ಸೆಪ್ಟೆಂಬರಿನಲ್ಲಿ ಶಿಲುಬೆ ಪೂರ್ತಿ ಹೋಗಿ ಎಂಟು ಮೂಲೆಯ ಹೊಸ ಚಿಹ್ನೆ ಬಂತು. ಸಮಭಾಜಕ ದಾಟಿದ್ದಕ್ಕೆ ಹಡಗಿನಲ್ಲಿ ತಮಾಷೆಗೆ ಕೊಡುವ ಸರ್ಟಿಫಿಕೇಟ್ ಸಿಕ್ಕರೆ ಅದನ್ನು ಎಸೆಯಬೇಡಿ. ಹಡಗು, ತಾರೀಕು, ಹೆಸರು ಮೂರೂ ಒಂದೇ ಕಡೆ ಸಿಗುತ್ತದೆ.

ಮರದ ಫಲಕಗಳನ್ನು ಮಾತ್ರ ಸುಲಭಕ್ಕೆ ನಂಬಬೇಡಿ. ಐಎನ್‌ಎಸ್ ಮೈಸೂರಿನ ಗಂಡಭೇರುಂಡ ಇರುವ ಫಲಕ ತಂದು "ನಮ್ಮಪ್ಪ ಈ ಹಡಗಿನ್ಯಾಗ ಇದ್ರು" ಅನ್ನುವವರು ಇದ್ದಾರೆ. ಇರಬಹುದು. ಆದರೆ ಫಲಕ ಅಂದರೆ ಬೀಳ್ಕೊಡುಗೆಗೆ, ಅತಿಥಿಗಳಿಗೆ ಕೊಡುವ ವಸ್ತು, ಹಡಗಿನಲ್ಲಿ ಕಾಲಿಡದವರ ಮನೆಯಲ್ಲೂ ಇರುತ್ತದೆ. ಮೇಲಾಗಿ ಮೈಸೂರು ಎರಡಿವೆ, 1957ರ ಕ್ರೂಸರ್ ಒಂದು, 1999ರ ಡಿಸ್ಟ್ರಾಯರ್ ಇನ್ನೊಂದು. 1961ರಲ್ಲಿ ಗೋವಾ ವಿಮೋಚನೆ ವೇಳೆ ಕಾರವಾರದ ಎದುರಿನ ಅಂಜದೀವ್ ದ್ವೀಪಕ್ಕೆ ಹೋದದ್ದು ಮೊದಲನೆಯದು. ಹಿತ್ತಾಳೆ ದೂರದರ್ಶಕ, ದಿಕ್ಸೂಚಿ ಬಂದರೂ ಹಾಗೇ, ಮೇಲೆ ಲಂಡನ್ ಅಂತ ಕೊರೆದಿದ್ದರೂ ಬಹುಪಾಲು ರೂರ್ಕಿಯಲ್ಲಿ ಮಾರಾಟಕ್ಕೆ ಮಾಡಿದ ಶೋಪೀಸು. ಒಬ್ಬರು ಬಜಾಜ್ ವಿ ಬೈಕಿನ ಟ್ಯಾಂಕನ್ನೇ ಕೊಡ್ತೀನಿ ಅಂದರು, ಅದರಲ್ಲಿ ಗುಜರಿಗೆ ಹೋದ ಹಳೇ ವಿಕ್ರಾಂತ್‌ನ ಲೋಹ ಇದೆಯಲ್ಲ ಅಂತ! ಮಾತು ನಿಜವೇ, ಆದರೂ ಬೇಡ ಅಂದೆ.

ಜೋಪಾನ ಮಾಡೋದರಲ್ಲಿ ನಮ್ಮೂರಿಗೆ ಒಂದು ಅನುಕೂಲ, ಗಾಳಿ ಒಣ. ಕರಾವಳಿಯ ಹಾಗೆ ಲೋಹ ಹಸಿರುಗಟ್ಟೋದಿಲ್ಲ. ಧೂಳು, ಗೆದ್ದಲು, ನುಸಿ ಇವೇ ಶತ್ರುಗಳು. ಉಣ್ಣೆಯ ಸಮವಸ್ತ್ರ ಬಂದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡ್ತೀವಿ, ಪರಿಚಯದ ಐಸ್‌ಕ್ರೀಮ್ ಅಂಗಡಿಯವರು ಜಾಗ ಕೊಡ್ತಾರೆ. ಆಮೇಲೆ ತೊಳೆದ ಬಿಳಿ ಮಲ್ಲು ಬಟ್ಟೆಯಲ್ಲಿ ಸುತ್ತೋದು. ಪದಕಕ್ಕೆ ರಬ್ಬರ್ ಬ್ಯಾಂಡ್ ಬೇಡ, ಪಿವಿಸಿ ಕವರ್ ಬೇಡ. ಫೋಟೋ ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಆ ಸ್ಟೋಕರ್ ಅಜ್ಜನ ಟ್ರಂಕಿನಲ್ಲಿ ಇನ್ನೊಂದು ವಸ್ತು ಇತ್ತು. ಗೇಣುದ್ದದ ಬಗ್ಗುವ ತಂತಿ, ಒಂದು ತುದಿಯಲ್ಲಿ ಹಿಡಿ, ಇನ್ನೊಂದು ತುದಿ ಸ್ಕ್ರೂ ಹಾಗೆ ಸುರುಳಿ. ಏನು ಅಂತ ಯಾರಿಗೂ ತಿಳಿಯದೆ "ಗುರುತಿಸಿಲ್ಲ" ಅಂತ ಬರೆದು ಇಟ್ಟಿದ್ದೆವು. ಕುಡತಿನಿ ಥರ್ಮಲ್‌ನಲ್ಲಿ ಬಾಯ್ಲರ್ ಮೇಂಟೆನೆನ್ಸ್ ಮಾಡುವವರೊಬ್ಬರು ಮಗಳನ್ನು ಅಡ್ಮಿಷನ್‌ಗೆ ಕರೆದುಕೊಂಡು ಬಂದವರು, ಹೊತ್ತು ಕಳೆಯಲು ರೂಮಿಗೆ ಬಂದರು. ಗಾಜಿನ ಮುಂದೆ ನಿಂತವರೇ, "ಸರ್, ಇದು ವಾಲ್ವ್ ಗ್ಲ್ಯಾಂಡಿನೊಳಗಿನ ಹಳೇ ಪ್ಯಾಕಿಂಗ್ ಕೀಳೋದು, ನಮ್ಮ ಹತ್ರಾನೂ ಐತಿ" ಅಂದರು. ಉಗಿ ಸೋರದ ಹಾಗೆ ವಾಲ್ವಿನ ಕಡ್ಡಿಯ ಸುತ್ತ ಹಗ್ಗದಂಥ ಪ್ಯಾಕಿಂಗ್ ತುಂಬಿರುತ್ತಾರಂತೆ, ಅದು ಸುಟ್ಟು ಗಟ್ಟಿಯಾದಾಗ ಈ ಸುರುಳಿಯನ್ನು ತಿರುಗಿಸಿ ಒಳಗೆ ಬಿಟ್ಟು ಎಳೆಯಬೇಕು. ಕೈಯಲ್ಲಿ ಮಾಡಿ ತೋರಿಸಿದರು. ಕಾರ್ಡು ಬದಲಾಯಿಸಿದೆವು, ಗುರುತಿಸಿದವರು ಯಾರು ಅನ್ನೋ ಜಾಗದಲ್ಲಿ ಅವರ ಸಹಿಯನ್ನೂ ಹಾಕಿಸಿಕೊಂಡೆವು.