ಅರವತ್ತರ ಮೇಲೆ ಓಟ ಶುರುಮಾಡುವವರಿಗೆ: ಕಾರವಾರದ ಮರಳಿನಲ್ಲಿ

ಮೊದಲು ಬಿಪಿ, ಶುಗರ್, ಇಸಿಜಿ ನೋಡಿಸಿಕೊಳ್ಳಿ. ನಡೆಯುವಾಗಲೇ ಎದೆ ಬಿಗಿದರೆ ಡಾಕ್ಟರು ಒಪ್ಪುವ ತನಕ ಓಟ ಬೇಡ. ಅರ್ಧ ಗಂಟೆ ನಿಲ್ಲದೆ ಬಿರುಸಾಗಿ ನಡೆಯಬಲ್ಲಿರಾದರೆ ಶುರುಮಾಡಬಹುದು.

ವಾರಕ್ಕೆ 3 ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಮೊದಲು 5 ನಿಮಿಷ ನಡೆಯಿರಿ. ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ 6 ಸಲ. ಓಡುತ್ತಲೇ ಪಕ್ಕದವರ ಜೊತೆ ಮಾತಾಡುವಷ್ಟು ಉಸಿರು ಉಳಿದಿರಬೇಕು. ಹೆಚ್ಚಿನವರು ಎಡವುವುದು ಮೂರನೇ ವಾರದ ಹುಮ್ಮಸ್ಸಿನಲ್ಲಿ. ಉಸಿರು ಬೇಗ ಪಳಗುತ್ತದೆ, ಹಿಮ್ಮಡಿಯ ಸ್ನಾಯುರಜ್ಜು ಪಳಗಲು ತಿಂಗಳುಗಳೇ ಬೇಕು. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಅಂದು ಓಡಬೇಡಿ.

ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತು ಹಿಡಿಯಿರಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನೀರು ಆಗಷ್ಟೇ ಸರಿದ ಒದ್ದೆ ಮರಳಿನಲ್ಲಿ ಶೂವಿನ ಅಚ್ಚು ಮಾತ್ರ ಮೂಡಬೇಕು. ಹಿಮ್ಮಡಿ ಹೂತುಹೋದರೆ ಮೀನಖಂಡ ಎಳೆಯುತ್ತದೆ, ಅಲ್ಲಿ ನಡೆದುಬಿಡಿ. ದಂಡೆ ಸಮುದ್ರದ ಕಡೆ ವಾಲಿರುವುದರಿಂದ ಒಂದೇ ದಿಕ್ಕಿಗೆ ಓಡಿದರೆ ಒಂದೇ ಕಾಲಿಗೆ ಭಾರ ಬೀಳುತ್ತದೆ. ಹೋದಷ್ಟೇ ದೂರ ಓಡಿ ವಾಪಸ್ ಬನ್ನಿ.

ನಮ್ಮ ಸೆಖೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಏಳು ಗಂಟೆಯೊಳಗೆ ಮುಗಿಸಿ. ಮಳೆಗಾಲದಲ್ಲಿ ಅಲೆಯಂಚಿಗೆ ಹೋಗಲೇಬೇಡಿ.