ರಂಗಪ್ರವೇಶಕ್ಕೊಂದು ಚಿತ್ರ: ಅರೆಮಂಡಿಯನ್ನು ತಪ್ಪಿಲ್ಲದೆ ಬರೆಯುವ ಬಗೆ

ಭರತನಾಟ್ಯದ ರಂಗಪ್ರವೇಶಕ್ಕೆ ಪೆನ್ಸಿಲ್ ಚಿತ್ರ ಬರೆದುಕೊಡುವ ಯೋಚನೆಯಿದ್ದರೆ ಒಂದು ಮಾತು ನೆನಪಿರಲಿ: ಅದನ್ನು ನೋಡುವವರು ವರ್ಷಗಟ್ಟಲೆ ಕಾಲು ತಿದ್ದಿಸಿಕೊಂಡವರು, ತಿದ್ದಿದವರು. ಮೂಗು ಕೊಂಚ ಹೆಚ್ಚುಕಡಿಮೆಯಾದರೆ ನಕ್ಕು ಸುಮ್ಮನಾದಾರು. ಅರೆಮಂಡಿಯಲ್ಲಿ, ಅಂದರೆ ಮಂಡಿಗಳನ್ನು ಪಕ್ಕಕ್ಕೆ ತೆರೆದು ಅರ್ಧ ಕೂತ ಭಂಗಿಯಲ್ಲಿ, ಮಂಡಿ ತಪ್ಪಿದ್ದರೆ ಮಾತ್ರ ಗುರುಗಳ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ಹಾಗಾಗಿ ನಿಮ್ಮ ಸಮಯದ ಬಹುಪಾಲು ಉಡುಪಿನಡಿಯ ಎಲುಬುಗೂಡಿಗೆ ಹೋಗಲಿ, ಒಡವೆಗಳ ಸರದಿ ಆಮೇಲೆ.

ತಪ್ಪುಗಳು ಶುರುವಾಗುವುದು ಫೋಟೊ ಆರಿಸುವಾಗಲೇ. ಸಭಾಂಗಣದ ಮುಂದಿನ ಸಾಲಿನಿಂದ ತೆಗೆದ ಫೋಟೊ ವೇದಿಕೆಯನ್ನು ಕೆಳಗಿನಿಂದ ನೋಡಿರುತ್ತದೆ. ಅದರಲ್ಲಿ ಕಾಲು ಉದ್ದವಾಗಿ, ತಲೆ ಪುಟ್ಟದಾಗಿ ಬೀಳುತ್ತದೆ. ನಿಂತ ಎತ್ತರದಲ್ಲೇ ಮೊಬೈಲ್ ಹಿಡಿದು ಒಂದೂವರೆ ಮೀಟರ್ ದೂರದಿಂದ ತೆಗೆದರೆ ಇದರ ಉಲ್ಟಾ: ತಲೆ ದಪ್ಪ, ಪಾದ ಸಣ್ಣ. ಸಾಧ್ಯವಾದರೆ ಹೊಸದಾಗಿ ತೆಗೆಯಿರಿ. ಮೊಬೈಲ್ ನರ್ತಕಿಯ ಹೊಕ್ಕುಳಿನ ಮಟ್ಟದಲ್ಲಿರಲಿ, ದೂರ ಸುಮಾರು 4 ಮೀಟರ್, ಝೂಮ್ 2ಎಕ್ಸ್, ಬೆಳಕು ಒಂದೇ ಕಡೆಯಿಂದ. ಅದೇ ಭಂಗಿಯ ಎರಡು ಫೋಟೊ ಬೇಕು, ಒಂದು ಪೂರ್ಣ ಆಹಾರ್ಯದಲ್ಲಿ (ವೇದಿಕೆಯ ಉಡುಪು, ಒಡವೆಗಳಲ್ಲಿ), ಇನ್ನೊಂದು ಅಭ್ಯಾಸದ ಸೀರೆಯಲ್ಲಿ. ಮಂಡಿ ಎಲ್ಲಿದೆ ಎನ್ನುವುದು ಎರಡನೆಯದರಲ್ಲೇ ಗೊತ್ತಾಗುವುದು. ಗುಟ್ಟಿನ ಉಡುಗೊರೆಯಾದರೆ ಮನೆಯವರಿಂದಲೋ ಗುರುಗಳಿಂದಲೋ ತರಿಸಿಕೊಳ್ಳಿ. ಛಾಯಾಗ್ರಾಹಕರು ತೆಗೆದ ಫೋಟೊವನ್ನು ಗೆರೆಗೆ ಗೆರೆ ಇಳಿಸುವುದಾದರೆ ಮೊದಲು ಅವರನ್ನು ಕೇಳಿ.

ಬೇಲೂರಿನ ಮದನಿಕೆಯರನ್ನೇ ಮಾದರಿ ಮಾಡಿಕೊಳ್ಳುವ ಆಸೆ ಹುಟ್ಟುವುದು ಸಹಜ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇಗುಲದ ಆ ಶಿಲ್ಪಗಳಿಂದ ತ್ರಿಭಂಗದ, ಅಂದರೆ ಮೈ ಮೂರು ಕಡೆ ಬಾಗಿದ ಭಂಗಿಯ, ಓಟವನ್ನು ಧಾರಾಳವಾಗಿ ಕಲಿಯಬಹುದು, ಆದರೆ ಮಂಡಿ, ಮೊಣಕೈಗಳನ್ನಲ್ಲ. ಶಿಲ್ಪಿ ಅಲ್ಲಿ ಎಲುಬಿನ ಗಂಟುಗಳನ್ನು ಬೇಕೆಂದೇ ಅಡಗಿಸಿ ಕೈಕಾಲುಗಳನ್ನು ನಯವಾಗಿ ಇಳಿಬಿಟ್ಟಿದ್ದಾನೆ. ಆದರೆ ಶಿಲ್ಪಶಾಸ್ತ್ರದ ಅಳತೆಯ ಕ್ರಮವಾದ ತಾಲಮಾನದ ಒಂದು ಲೆಕ್ಕವನ್ನು ಮಾತ್ರ ಬಿಡಬೇಡಿ. ಅಲ್ಲಿ ಒಂದು ತಾಲವೆಂದರೆ 12 ಅಂಗುಲ (ಇಂಚಲ್ಲ, ಆಕೃತಿಯ ಗಾತ್ರಕ್ಕೆ ತಕ್ಕಂತೆ ಬದಲಾಗುವ ಪಾಲು). ಮುಖದ ಉದ್ದವೂ ಅಷ್ಟೇ, ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಕೈಯ ಉದ್ದವೂ ಅಷ್ಟೇ. ನಿಮ್ಮದೇ ಅಂಗೈಯ ಬುಡವನ್ನು ಗದ್ದಕ್ಕಿಟ್ಟು ನೋಡಿ, ಬೆರಳ ತುದಿ ಹೆಚ್ಚುಕಡಿಮೆ ಕೂದಲಂಚನ್ನು ಮುಟ್ಟುತ್ತದೆ. ಹೊಸಬರ ಚಿತ್ರಗಳಲ್ಲಿ ಕೈ ಯಾವಾಗಲೂ ಸಣ್ಣದಾಗುತ್ತದೆ. ಮುದ್ರೆಯೇ ಮಾತಾಡುವ ಕಲೆಯಲ್ಲಿ ಇದು ಸಣ್ಣ ತಪ್ಪಲ್ಲ.

ಈಗ ಅಳತೆ. ನೇರ ನಿಂತ ವಯಸ್ಕರ ಎತ್ತರ ಸುಮಾರು ಏಳೂವರೆ ತಲೆ, ಅಂದರೆ ತಲೆಯ ಉದ್ದದ ಏಳೂವರೆ ಪಟ್ಟು. ಅರೆಮಂಡಿಯಲ್ಲಿ ಕಡಿಮೆಯಾಗುವುದು ಕಾಲಿನ ಎತ್ತರ ಮಾತ್ರ, ಹಾಗಾಗಿ ಒಟ್ಟು ಆರೂಕಾಲು ತಲೆಯ ಆಸುಪಾಸಿಗೆ ಬರುತ್ತದೆ. ಎ3 ಹಾಳೆಯಲ್ಲಿ ಆಕೃತಿಗೆ 28 ಸೆಂ.ಮೀ. ಕೊಟ್ಟರೆ ತಲೆ ಸುಮಾರು 4.5 ಸೆಂ.ಮೀ. ತಲೆಯನ್ನು ಅಳೆಯಬೇಕಾದ್ದು ಬುರುಡೆಯ ನೆತ್ತಿಯಿಂದ, ಮಲ್ಲಿಗೆ ದಂಡೆಯ ತುದಿಯಿಂದಲ್ಲ. ತೆಳು ರಫ್ ಹಾಳೆಯ ಮೇಲೆ ಗಂಟಲ ಗುಳಿಯಿಂದ ನೆಲಕ್ಕೊಂದು ತೂಗುಗುಂಡಿನ ಗೆರೆ ಎಳೆಯಿರಿ. ಅದು ಹೊಕ್ಕುಳನ್ನು ಹಾದು ಎರಡು ಹಿಮ್ಮಡಿಗಳ ನಡುವೆ ಇಳಿಯಬೇಕು. ಎದೆಗೂಡಿಗೊಂದು ಮೊಟ್ಟೆ, ಸೊಂಟಕ್ಕೊಂದು ಡಬ್ಬ, ಕೈಕಾಲಿಗೆ ಕೊಳವೆ, ಇಷ್ಟೇ ಸಾಕು.

ಮಂಡಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಅರೆಮಂಡಿಯಲ್ಲಿ ಕಾಲು ಹೊರಳುವುದು ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಲ್ಲಿ ಕೂರುವ ಕಡೆ. ಮಂಡಿ ಬಾಗಿಲ ಕೀಲಿನಂತೆ, ಅದಕ್ಕೆ ಮುಖ್ಯವಾಗಿ ಮಡಿಸುವುದಷ್ಟೇ ಗೊತ್ತು. ಆದ್ದರಿಂದ ಮಂಡಿಚಿಪ್ಪು ಯಾವ ಕಡೆ ನೋಡುತ್ತದೋ ಪಾದದ ಎರಡನೇ ಬೆರಳೂ ಅದೇ ಕಡೆ ನೋಡಬೇಕು. ಮಂಡಿ ಪಕ್ಕಕ್ಕೆ, ಪಾದ ಮುಂದಕ್ಕೆ ಬರೆದಿರೋ, ಕಾಲು ತಿರುಚಿ ಮುರಿದಂತೆ ಕಾಣುತ್ತದೆ. ಇನ್ನೊಂದು ಎಡವಟ್ಟು ತೊಡೆಯ ಉದ್ದದ್ದು. ಹೆಚ್ಚಿನವರ ಕಾಲು ಪೂರ್ತಿ ಪಕ್ಕಕ್ಕೆ ತಿರುಗುವುದಿಲ್ಲ, ಮಂಡಿ ಒಂಚೂರು ನಮ್ಮ ಕಡೆಗೂ ಬಂದಿರುತ್ತದೆ. ಹಾಗಾಗಿ ಎದುರಿನಿಂದ ತೊಡೆ ನಿಜಕ್ಕಿಂತ ಗಿಡ್ಡ ಕಾಣಬೇಕು. ಮನಸ್ಸಿನಲ್ಲಿರುವ ಪೂರ್ತಿ ಉದ್ದವನ್ನೇ ಎಳೆದರೆ ಮಂಡಿಗಳು ಹಾಳೆಯಂಚಿಗೆ ಓಡುತ್ತವೆ. ಫೋಟೊದಲ್ಲಿ ಸೊಂಟ, ಎರಡು ಮಂಡಿ, ಹಿಮ್ಮಡಿಗಳನ್ನು ಸೇರಿಸಿ ವಜ್ರಾಕೃತಿ ಎಳೆದು, ಅದರ ಅಗಲ-ಎತ್ತರದ ಅನುಪಾತವನ್ನು ಸ್ಕೇಲಿನಲ್ಲಿ ಅಳೆದು ಹಾಳೆಗೆ ತನ್ನಿ. ಹಿಮ್ಮಡಿಗಳ ನಡುವಿನ ಅಂತರ ಒಂದೊಂದು ಗುರುಪರಂಪರೆಯಲ್ಲಿ ಒಂದೊಂದು ತರಹ, ಆ ನರ್ತಕಿಯ ಫೋಟೊದಲ್ಲಿ ಇದ್ದಷ್ಟೇ ಇಡಿ. ಗೆಜ್ಜೆ ಮುಚ್ಚುತ್ತದೆಂದು ಹರಡನ್ನು (ಪಾದದ ಮೇಲಿನ ಗಂಟನ್ನು) ಬಿಡಬೇಡಿ. ಒಳಗಿನ ಹರಡುಮೂಳೆ ಹೊರಗಿನದಕ್ಕಿಂತ ಮೇಲಿರುತ್ತದೆ, ಪಾದ ಕಾಲಿಗೆ ಸರಿಯಾಗಿ ಕೂರುವುದೇ ಅದರಿಂದ.

ನೃತ್ಯ ಶುರುವಾಗುವ ಭಂಗಿಯಾದ ನಾಟ್ಯಾರಂಭದಲ್ಲಿ ಕೈ ಚಾಚಿದಾಗ ಭುಜ ಕಿವಿಯತ್ತ ಏರದಿರಲಿ, ಕತ್ತಿನ ಉದ್ದ ಉಳಿಯಬೇಕು. ಮುದ್ರೆಗಳಿಗೆ ನಿಮ್ಮ ಕೈಯೇ ಮಾದರಿ. ಬಲಗೈಯಲ್ಲಿ ಬರೆಯುವವರು ಎಡಗೈಯಲ್ಲಿ ಅಲಪದ್ಮ (ಅರಳಿದ ತಾವರೆಯಂತೆ ಬೆರಳು ಬಿಡಿಸಿದ ಮುದ್ರೆ) ಹಿಡಿದು ಕನ್ನಡಿ ನೋಡಿದರೆ ನರ್ತಕಿಯ ಬಲಗೈ ಸಿಕ್ಕಿತು. ಕೈಯ ಹಿಂಬದಿಯಲ್ಲಿ ನಡುಬೆರಳು ಗೆಣ್ಣಿನಿಂದ ತುದಿಗೆ ಕೈಯ ಅರ್ಧದಷ್ಟಿರುತ್ತದೆ. ಅಂಗೈ ಕಡೆ ಬೆರಳಿನ ಬುಡ ಮೇಲಿರುವುದರಿಂದ ಅದೇ ಬೆರಳು ಗಿಡ್ಡ ಕಾಣುತ್ತದೆ. ಅಲಪದ್ಮದಲ್ಲಿ ಕಾಣುವುದು ಅಂಗೈಯೇ. ಮುಖ ಬರೆಯುವಾಗ ಕಾಡಿಗೆಯ ಉದ್ದನೆ ಬಾಲವನ್ನು ಕಣ್ಣಿನ ಅಂಚೆಂದು ತಿಳಿಯಬೇಡಿ. ಕಣ್ಣಿನ ಅಗಲ ಮುಖದ ಐದನೇ ಒಂದು ಪಾಲು, ಕಾಡಿಗೆ ಅದರಾಚೆಗೆ.

ಗೂಡು ಸರಿಯಾದ ಮೇಲೆ ಹಾಳೆಯನ್ನು ತಲೆಕೆಳಗು ಹಿಡಿದೊಮ್ಮೆ ನೋಡಿ, ವಾಲಿದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ. ಆಮೇಲೆ ಉಡುಪು. ಬೀಸಣಿಗೆಯ ನೆರಿಗೆಗಳು ಸೊಂಟದಿಂದ ಹರಡಿ ಮಂಡಿಯಿಂದ ಮಂಡಿಗೆ ತೂಗುತ್ತವೆ. ಡಾಬು ಹೊಕ್ಕುಳಿನ ಮಟ್ಟದಲ್ಲಿ ಹೆಚ್ಚುಕಡಿಮೆ ನೇರ ಗೆರೆ. ಗೆಜ್ಜೆಯ ಸಾಲುಗಳು ಕ್ಯಾಮೆರಾಕ್ಕಿಂತ ಕೆಳಗಿರುವುದರಿಂದ ನಡುವೆ ಕೆಳಕ್ಕೆ ಬಾಗಬೇಕು. ಅವನ್ನೂ ನೇರ ಎಳೆದರೆ ಕಾಲು ರಟ್ಟಿನದಾಗುತ್ತದೆ.

ಒಪ್ಪವಾದ ಗೆರೆಗಳನ್ನಷ್ಟೇ ಕಿಟಕಿ ಗಾಜಿನ ಮೇಲಿಟ್ಟು 200 ಜಿಎಸ್‌ಎಂನ ನಯವಾದ ಹಾಳೆಗೆ ಎಚ್‌ಬಿಯಲ್ಲಿ ಇಳಿಸಿ. ಒರಟು ಹಾಳೆಯಲ್ಲಿ ಇಷ್ಟು ಸಣ್ಣ ಮುಖ ನಿಲ್ಲುವುದಿಲ್ಲ. ನೆರಳಿಗೆ 2ಬಿ, ಜಡೆಗೆ 4ಬಿ. ಬೆರಳ ತುದಿಯ ಆಲ್ತಾಕ್ಕೆ ಮಾತ್ರ ಕೆಂಪು ಬಣ್ಣ ಕೊಟ್ಟರೆ ಚೆಂದ, ಆದರೆ ಸೀಸ ಮುಟ್ಟುವ ಮೊದಲೇ ಹಚ್ಚಿ, ಆಮೇಲೆ ಹಚ್ಚಿದರೆ ಕೊಳೆಯಾಗುತ್ತದೆ. ಸೀಸ ಅಳಿಸಿಹೋಗದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ 30 ಸೆಂ.ಮೀ. ದೂರದಿಂದ ತೆಳ್ಳಗೆ ಎರಡು ಸಲ. ಚೌಕಟ್ಟು ಹಾಕಿಸುವಾಗ ಸುತ್ತ 5 ಸೆಂ.ಮೀ. ಮೌಂಟ್ (ಚಿತ್ರದ ಸುತ್ತಲಿನ ರಟ್ಟಿನ ಅಂಚು) ಕೇಳಿ, ಗಾಜು ಸೀಸಕ್ಕೆ ತಾಗಬಾರದು. ಹೊರ ಅಳತೆ ಸುಮಾರು 39×51 ಸೆಂ.ಮೀ. ಬರುತ್ತದೆ. ಅಮೆರಿಕಕ್ಕೋ ದುಬೈಗೋ ಹೋಗಬೇಕಾದ ಚಿತ್ರವಾದರೆ ಚೌಕಟ್ಟು ಬೇಡ: ಮೇಲೆ ಬಟರ್ ಪೇಪರ್ ಹಾಸಿ, 10 ಸೆಂ.ಮೀ. ಅಗಲದ ರಟ್ಟಿನ ಕೊಳವೆಯಲ್ಲಿ ಸಡಿಲವಾಗಿ ಸುತ್ತಿ ಕಳಿಸಿ.